ಯಾರೂ ಸುಡದ ನೂಲಿನ ವಾಸನೆ

ಯಾವುದೇ ವಾಸನೆ ಬರಲಿ, ನಾನು ಮೊದಲು ನೋಡುವುದು ಪಕ್ಕದಲ್ಲಿ ಕೂತವರ ಮೂಗನ್ನು. ಇವತ್ತು ಮುಂಜಾನೆ ನಮ್ಮ ಪಡಸಾಲೆಯಲ್ಲಿ ಸೀರೆ ನೋಡುತ್ತಿದ್ದ ಗಿರಾಕಿಯೊಬ್ಬರು ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಕೊರೆದು ಸುಟ್ಟರು. ಇಳಕಲ್ಲಿನಲ್ಲಿ ಇದೇನು ಹೊಸದಲ್ಲ. ಅಸಲಿ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ನಕಲಿಯಾದರೆ ಕಾಗದ ಸುಟ್ಟ ವಾಸನೆ. ಗಿರಾಕಿಯ ಮೂಗು ಅರಳಿತು, ನಮ್ಮ ಮನೆಯವರ ಮೂಗೂ ಅರಳಿತು. ಹಾಗಾದರೆ ಇದು ಹೊರಗಿನ ವಾಸನೆಯೇ ಎಂದು ಉಸಿರು ಬಿಟ್ಟೆ. ನಿಮಗೆ ನಗು ಬರಬಹುದು. ನನಗೆ ಈ ಚಾಳಿ ಹತ್ತಿದ್ದಕ್ಕೆ ಕಾರಣವಿದೆ.

ಐದಾರು ವರ್ಷದ ಹಿಂದಿನ ಮಾತು. ನಮ್ಮದು ಅಣ್ಣತಮ್ಮಂದಿರ ಕೂಡು ಮನೆ. ನೂಲು ಖರೀದಿ ನಮ್ಮ ಮನೆಯವರದು, ಮಗ್ಗ ನೋಡಿಕೊಳ್ಳುವುದು ಮೈದುನನದು, ಅಡುಗೆಮನೆ ನನ್ನದು ಮತ್ತು ಮೈದುನನ ಹೆಂಡತಿ ಗಂಗವ್ವನದು. ಆ ವರ್ಷ ನನಗೆ ಮನೆಯೊಳಗೆ ಆಗಾಗ ರೇಷ್ಮೆ ಸುಟ್ಟ ವಾಸನೆ ಬರತೊಡಗಿತು. ಬೇಳೆ ಕುದಿಸುವಾಗ, ರೊಟ್ಟಿ ಬಡಿಯುವಾಗ, ಸುಮ್ಮನೆ ಕೂತಾಗಲೂ. ನೇಕಾರರ ಮನೆಯ ಹೆಂಗಸಿಗೆ ಅದರ ಅರ್ಥ ಬಿಡಿಸಿ ಹೇಳಬೇಕೆ? ಯಾರೋ ಕದ್ದು ನೂಲು ಪರೀಕ್ಷೆ ಮಾಡುತ್ತಿದ್ದಾರೆ. ನೂಲು ತರುವವರು ನನ್ನ ಗಂಡ. ಅಂದಮೇಲೆ ಅವರು ನಕಲಿ ತರುತ್ತಾರೆಂದು ಗಂಗವ್ವನಿಗೆ ಅನುಮಾನ. ವಾಸನೆ ಪ್ರತಿ ಸಲವೂ ಕೂದಲು ಸುಟ್ಟ ಹಾಗೆಯೇ ಇರುತ್ತಿತ್ತು, ಅಂದರೆ ನಮ್ಮ ನೂಲು ಪ್ರತಿ ಸಲವೂ ಪಾಸಾಗುತ್ತಿತ್ತು. ಆದರೂ ಅವಳು ಪರೀಕ್ಷೆ ಬಿಡಲೊಲ್ಲಳಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು.

ನಾನು ಪತ್ತೇದಾರಿಕೆಗೆ ಇಳಿದೆ. ಮಗ್ಗದ ಕುಣಿಯೊಳಗೆ ಬೂದಿ ಹುಡುಕಿದೆ. ಕಡ್ಡಿಪೆಟ್ಟಿಗೆಗಳನ್ನೆಲ್ಲ ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಮರುದಿನ ದೇವರ ದೀಪ ಹಚ್ಚಲು ನೆರೆಮನೆಗೆ ಹೋಗಿ ಕಡ್ಡಿ ಬೇಡಿ ತಂದವಳೂ ನಾನೇ, ಕೀಲಿ ಎಲ್ಲಿಟ್ಟೆನೆಂಬುದು ಮರೆತಿತ್ತು. ಆ ವಾಸನೆಯ ಬೆನ್ನಿಗೆ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಈಗ ತಾನೇ ಸೋಸಿದ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಸಂತೆಯ ಬಗ್ಗೆ ನಡೆದಿದ್ದ ಮಾತು ಯಾರದೋ ಮದುವೆಯ ಕಡೆ ಹೊರಳಿರುತ್ತಿತ್ತು. ಗಂಗವ್ವ ನನ್ನನ್ನೇ ದಿಟ್ಟಿಸುತ್ತಿದ್ದಳು. ನನಗೆ ತಿಳಿಯದಂತೆ ಈ ಮನೆಯಲ್ಲಿ ಏನೋ ಸಾಗಿದೆ ಎಂದು ಖಾತ್ರಿಯಾಯಿತು.

ಬೇರೆಯಾಗೋಣ ಎಂದು ಹಟ ಹಿಡಿದೆ. ಹಿತ್ತಲ ಕೋಣೆಯಲ್ಲಿ ನನಗೆಂದು ಎರಡನೇ ಅಡುಗೆಕಟ್ಟೆ ಎದ್ದಿತು. ಹಿರಿಯರು ಮಾತುಕತೆಗೆ ಕೂತ ದಿನ, ನಮ್ಮ ನೂಲು ಯಾಕೆ ಸುಡುತ್ತೀ ಎಂದು ಗಂಗವ್ವನನ್ನು ಎದುರಿಗೇ ಕೇಳಿದೆ. ಅವಳು ಬೆಪ್ಪಾಗಿ ನೋಡಿದಳು. ಅಷ್ಟರಲ್ಲಿ ಮತ್ತೆ ಅದೇ ವಾಸನೆ. "ನೋಡ್ರಿ, ಈಗೂ ಸುಡಾಕತ್ತಾರ" ಎಂದೆನಂತೆ. ಮುಂದಿನದು ನೆನಪಿಲ್ಲ. ಕಣ್ಣು ತೆರೆದಾಗ ನೆಲದ ಮೇಲಿದ್ದೆ. ಮುಷ್ಟಿಯಲ್ಲಿ ಕೀಲಿಗೊಂಚಲು, ಮೂಗಿನ ಹತ್ತಿರ ಉಳ್ಳಾಗಡ್ಡಿ, ಬಾಯಲ್ಲಿ ಚಮಚ. ಹಲ್ಲೊಂದರ ಮೂಲೆ ಮುರಿದಿತ್ತು. ಕೈಕಾಲು ಸೆಟೆದು ಬಡಿದುಕೊಂಡವಂತೆ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಮೊದಲು ಬೈದದ್ದು ಆ ಕೀಲಿ, ಉಳ್ಳಾಗಡ್ಡಿ, ಚಮಚಗಳನ್ನು. ಬಾಯಿಗೆ ಏನೂ ಇಡಬೇಡಿ, ಮಗ್ಗುಲಾಗಿ ಮಲಗಿಸಿ, ತಾಗುವಂಥದ್ದನ್ನು ದೂರ ಸರಿಸಿ, ಗಡಿಯಾರ ನೋಡಿ, ಐದು ನಿಮಿಷವಾದರೂ ನಿಲ್ಲದಿದ್ದರೆ ಕರೆತನ್ನಿ ಎಂದರು. ಆಮೇಲೆ, ಏನೇನಾಗುತ್ತದೆ ಹೇಳಿ ಎಂದು ನನ್ನತ್ತ ತಿರುಗಿದರು. ನಾನು ವಾಸನೆಯನ್ನಷ್ಟೇ ಹೇಳಿದೆ. ನನ್ನ ಹತ್ತಿರ ಇದ್ದದ್ದೇ ಅಷ್ಟು. ಆಗ ಬಾಗಿಲಲ್ಲಿ ನಿಂತಿದ್ದ ಗಂಗವ್ವ ಬಾಯಿಬಿಟ್ಟಳು.

"ಅಕ್ಕ ಒಮ್ಮಿಂದೊಮ್ಮೆಲೆ ಸುಮ್ಮನಾಗಿಬಿಡ್ತಾಳ್ರಿ. ಬಾಯಾಗ ಏನೂ ಇರೂದಿಲ್ಲ, ಆದ್ರ ಚಪ್ಪರಸ್ತಾಳ. ಸೆರಗ ಹಿಡದು ಜಗ್ಗತಾಳ. ಕರದ್ರ ಓ ಅನ್ನೂದಿಲ್ಲ. ಮನಸಿನ್ಯಾಗ ನನಗ ಬೈಯಾಕತ್ತಾಳಂತ ನಾ ತಿಳದಿದ್ದೆ."

ನಾನು ಅವಳನ್ನು ಅನುಮಾನಿಸಿದಷ್ಟು ದಿನವೂ ಅವಳು ನನ್ನನ್ನು ಅನುಮಾನಿಸಿದ್ದಳು.

ಇದು ಮೂರ್ಛೆರೋಗ ಎಂದರು ಡಾಕ್ಟರು. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್ತಿನಲ್ಲಿ ಮಾತಾಡುತ್ತವಂತೆ. ಯಾವುದೋ ಮೂಲೆಯಲ್ಲಿ ಅವೆಲ್ಲ ಒಟ್ಟಿಗೇ ಕೂಗತೊಡಗಿದರೆ ಸೆಳವು. ಆ ಮೂಲೆ ವಾಸನೆಯದಾಗಿದ್ದರೆ ಇಲ್ಲದ ವಾಸನೆ ಬರುತ್ತದೆ, ಆಗ ಎಚ್ಚರ ಇರುತ್ತದೆ. ಸ್ವಲ್ಪ ಹರಡಿದರೆ ಕಣ್ಣು ತೆರೆದಿದ್ದೂ ಎಚ್ಚರವಿಲ್ಲ. ಇಡೀ ಮಿದುಳಿಗೆ ಹರಡಿದರೆ ಬಿದ್ದು ಸೆಟೆಯುವುದು. ಕೆಲವು ಮಕ್ಕಳಿಗೆ ಬರೀ ನೋಟ ನಿಂತುಹೋಗುವ ಬಗೆಯದೂ ಇದೆಯಂತೆ. ಸಾಲೆಯಲ್ಲಿ ಲಕ್ಷ್ಯವಿಲ್ಲವೆಂದು ಅವು ಪೆಟ್ಟು ತಿನ್ನುತ್ತವೆ. ನನ್ನ ತಲೆಗೆ ತಂತಿ ಅಂಟಿಸಿ ತೆಗೆದ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ನೋಡಿದಿರಾ ಎಂದು ಗೆದ್ದವಳಂತೆ ಕೂತೆ. ಸೆಳವು ಇಲ್ಲದ ಹೊತ್ತಿನಲ್ಲಿ ಪಟ್ಟಿ ಚೊಕ್ಕ ಬರಬಹುದು, ಅದಕ್ಕೇ ಸೆಳವನ್ನು ಕಣ್ಣಾರೆ ಕಂಡವರ ಮಾತು ಬೇಕು ಎಂದರು ಡಾಕ್ಟರು.

ಗುಳಿಗೆಯ ಮೇಲೂ ನನಗೆ ಸಂಶಯವಿತ್ತು. ವಾಸಿ ಮಾಡದ ಗುಳಿಗೆ ಎಂಥ ಗುಳಿಗೆ? ಅದು ಬೇರು ಕೀಳುವುದಿಲ್ಲ, ಕೋಶಗಳ ಆರ್ಭಟ ತಗ್ಗಿಸಿ ಸೆಳವು ಏಳದಂತೆ, ಹರಡದಂತೆ ತಡೆಯುತ್ತದೆ ಎಂದರು. ಆದ್ದರಿಂದ ದಿನಾ ನುಂಗಬೇಕು, ಆರಾಮಾಯಿತೆಂದು ನಾವಾಗಿಯೇ ಬಿಟ್ಟರೆ ಜೋರಾಗಿ ತಿರುಗಿ ಬರಬಹುದು. ಹೆಚ್ಚಿನವರಿಗೆ ಇಷ್ಟರಲ್ಲೇ ಹತೋಟಿ, ಕೆಲವರಿಗೆ ಇನ್ನೊಂದು ಗುಳಿಗೆ ಕೂಡಿಸಬೇಕು, ಕೆಲವೇ ಜನಕ್ಕೆ ಆಪರೇಷನ್. ಸದ್ಯ ಒಲೆಯ ಮುಂದೆ ಒಬ್ಬರೇ ಇರಬೇಡಿ ಎಂದರು. ಹಿತ್ತಲ ಕಟ್ಟೆ ಹಾಗೇ ತಣ್ಣಗೆ ಉಳಿಯಿತು. ಗಂಗವ್ವನಿಗೆ ಹೊಸ ಕೆಲಸ ಸಿಕ್ಕಿತು. ನಾನು ಗುಳಿಗೆ ನುಂಗುವವರೆಗೆ ಎದುರಿಗೆ ನಿಂತು, "ನಾಲಗಿ ಎತ್ತಿ ತೋರಸ ಯಕ್ಕಾ" ಅನ್ನುತ್ತಾಳೆ. ಇಷ್ಟು ವರ್ಷವೂ ನನ್ನ ಆಸೆ ಒಂದೇ: ಯಾರೂ ನನ್ನ ಬಾಯಿ ನೋಡದ ಒಂದು ಅಡುಗೆಮನೆ.

ಹೋದ ವಾರ ಅದು ಕೈಗೆ ಬಂದಿತ್ತು. ಬಾಗಲಕೋಟೆಗೆ ತೋರಿಸಲು ಹೋದಾಗ, ಎರಡು ವರ್ಷದಿಂದ ಏನೂ ಆಗಿಲ್ಲ ಎಂದೆ. ಹಾಗಿದ್ದರೆ ಗುಳಿಗೆ ಮೆಲ್ಲಗೆ ಇಳಿಸುವ ವಿಚಾರ ಮಾಡಬಹುದು, ನೀವು ಒಬ್ಬರೇ ಅಡುಗೆಯನ್ನೂ ಮಾಡಬಹುದು ಎಂದು ಡಾಕ್ಟರು ಗಂಗವ್ವನತ್ತ ನೋಡಿದರು.

"ಒಂದ ಸಲ ಆಗೇತ್ರಿ," ಎಂದಳು. "ಹ್ವಾದ ತಿಂಗಳ, ರೊಟ್ಟಿ ಬಡಿಯೂವಾಗ. ನಿಮ್ಮ ಮುಂದನ ಹೇಳೂಣಂತ ಸುಮ್ಮಿದ್ದೆ."

ನನಗೆ ವಾಸನೆ ಕೂಡ ಬಂದಿರಲಿಲ್ಲ. ಬೇರೆ ಒಲೆ ಹೊತ್ತದಿರಲಿ ಎಂದು ಇವಳು ಕಟ್ಟಿದ ಕತೆಯೇ ಇದು? ಡಾಕ್ಟರು ಗುಳಿಗೆ ಇಳಿಸಲಿಲ್ಲ, ಅರ್ಧ ಏರಿಸಿದರು.

ತಿರುಗಿ ಬರುವಾಗ, ಬಸ್ಸು ಹುನಗುಂದಕ್ಕೆ ಬಂದ ಮೇಲೆ ಅವಳತ್ತ ತಿರುಗಿದೆ. ಅವತ್ತು ರೊಟ್ಟಿ ಬಡಿಯುವಾಗ ನಾನು ಏನು ಮಾಡಿದೆ ತೋರಿಸು ಎಂದೆ. ಗಂಗವ್ವ ಆಚೀಚೆ ನೋಡಿ, ಮುಖ ಸಡಿಲ ಬಿಟ್ಟಳು. ಕಣ್ಣು ಕಿಟಕಿಯ ಕಡೆ ನಿಂತವು. ಬಾಯಿ ಚಪ್ಪರಿಸಿತು. ಬಲಗೈ ಬೆರಳು ಸೆರಗಿನ ಅಂಚನ್ನು ಜಗ್ಗಿ, ಬಿಟ್ಟು, ಮತ್ತೆ ಜಗ್ಗಿದವು. ಹಿಂದಿನ ಸೀಟಿನ ಅಜ್ಜಿ ಗಾಬರಿಯಾಗಿ ಎದ್ದಳು. ನನ್ನ ಬದುಕಿನ ಅರ್ಧ ನಿಮಿಷವನ್ನು ನಾನು ಮೊದಲ ಸಲ ನೋಡಿದೆ.

ಇವತ್ತು ಗಿರಾಕಿ ಹೋದ ಮೇಲೆ ಮನೆಯವರು, ಹಿತ್ತಲ ಕಟ್ಟೆಗೆ ಸಿಲಿಂಡರ್ ಯಾವಾಗ ತರಿಸಲಿ ಎಂದು ಕೇಳಿದರು. ಅಲ್ಲಿ ನೂಲಿನ ಗಂಟು ಇಟ್ಟುಕೊಳ್ಳಿ ಎಂದೆ.

"ಗಂಗವ್ವ ಖರೆ ಹೇಳ್ಯಾಳಂತ ನಂಬಿದೇನ ಹಂಗಾರ?"

"ಇನ್ನೂ ಪೂರಾ ಇಲ್ರಿ," ಎಂದೆ. "ಆದ್ರ ನೋಡಿದಾಕಿ ಅಕಿ ಒಬ್ಬಾಕಿನ ಅದಾಳ."