ಕಕ್ಕೆ ಮರದ ಬುಡದ ದೇವರು

ಇವತ್ತು ಬೆಳಿಗ್ಗೆ ಗೇಟು ತೆಗೆದರೆ ಕಾರಿನ ಮೇಲೆಲ್ಲ ಹಳದಿ ಎಸಳು. ಪಕ್ಕದ ಕಕ್ಕೆ ಮರದ ಬುಡದಲ್ಲಿ ಗಾಜು ಬಿರುಕುಬಿಟ್ಟ ಲಕ್ಷ್ಮಿಯ ಫೋಟೊ. ಯಾರೋ ತಂದಿಟ್ಟು ಹೋಗಿದ್ದಾರೆ. ನಮ್ಮ ಬಸವೇಶ್ವರನಗರದ ಜನಕ್ಕೆ ಗಾಜೊಡೆದ ದೇವರನ್ನು ಮನೆಯಲ್ಲಿಟ್ಟುಕೊಳ್ಳಲು ಭಯ, ಕಸದ ಗಾಡಿಗೆ ಹಾಕಲು ಇನ್ನೂ ಭಯ. ಹಾಗಾಗಿ ಬೇರೆಯವರ ಮನೆ ಮುಂದಿನ ಮರವೇ ಸಕಲ ದೇವರುಗಳ ವೃದ್ಧಾಶ್ರಮ. ಫೋಟೊ ನೋಡಿ ನನಗೆ ಎದೆ ಧಸಕ್ಕೆಂದಿತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಈ ಮರ ನೆಟ್ಟವರು ಎದುರುಮನೆಯ ಗಂಗಮ್ಮ. ಧಾರವಾಡದ ಕಡೆಯವರು. ತಮ್ಮ ಮನೆ ಮುಂದೆ ಟ್ರಾನ್ಸ್‌ಫಾರ್ಮರ್ ಇದೆಯೆಂದು, ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಗೇಟಿನ ಪಕ್ಕ ಗುಂಡಿ ತೋಡಿದರು. ಬೀಜವನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ, ಬಿಸಿನೀರಲ್ಲಿ ನೆನೆಸಿ, ಹಾಲಿನ ಪ್ಯಾಕೆಟ್ಟಿನಲ್ಲಿ ಮೊಳೆಸಿದ ಸಸಿ. ಬೇಸಿಗೆಯಲ್ಲಿ ಅದಕ್ಕೆ ಕೊಡದಲ್ಲಿ ನೀರು, ಕೊಂಬೆ ಜಗ್ಗಿದವರಿಗೆ ಅಪ್ಪಟ ಧಾರವಾಡದ ಬೈಗುಳ. ನನಗೋ ಕಾರು ನಿಲ್ಲಿಸುವ ಜಾಗ ಹೋದ ಸಂಕಟ. ಈ ಊರಿನಲ್ಲಿ ಪಾರ್ಕಿಂಗ್ ವಿಷಯಕ್ಕೆ ಒಡಹುಟ್ಟಿದವರೇ ಮಾತು ಬಿಟ್ಟಿದ್ದಾರೆ.

ಮಹಡಿ ಮುಟ್ಟಿದರೂ ಮರ ಒಂದು ಹೂ ಬಿಡಲಿಲ್ಲ. ಮೂಲೆಮನೆಯ ನಂಜುಂಡಪ್ಪನವರು ಬೀದಿಯ ಸಕಲ ವಿಷಯಗಳಿಗೂ ಅಧ್ಯಕ್ಷರು, ಆರಿಸಿದವರೂ ಅವರೇ. "ಹೂವಿಲ್ಲ ಹಣ್ಣಿಲ್ಲ, ಕಡಿಸಿಬಿಡಣ ಸಾರ್, ಎರಡು ಕಾರ್ ನಿಲ್ಲತ್ತೆ" ಎಂದರು. ನಾನು ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಎರಡನೇ ಕಾರಿನ ಬಣ್ಣ ಯೋಚಿಸಿದೆ.

ಗಂಗಮ್ಮ ಜಗಳಕ್ಕೆ ಬರಲಿಲ್ಲ. ತಮ್ಮ ದೇವರ ಜಗಲಿಯ ಮೇಲಿನ ಶಿವನ ಫೋಟೊ ತಂದು ಮರಕ್ಕೆ ಒರಗಿಸಿ, ವಿಭೂತಿ ಹಚ್ಚಿದರು. "ಒಂದ್ಸಲರ ಇದರ ಹೂವ ನೋಡಬೇಕ್ರೀ ನಾನು," ಎಂದರು. "ಅಲ್ಲೀತನಕಾ ಶಿವಾ ಕಾವಲು ಕುಂದ್ರಲಿ." ಮರ ಕಡಿಯುವವನು ಬಂದ, ಫೋಟೊ ನೋಡಿದ, ಚಪ್ಪಲಿ ಬಿಟ್ಟು ಕೈಮುಗಿದು ವಾಪಸ್ ಹೋದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಬೀದಿಯ ಭಕ್ತಿ ನಿಮಗೆ ಗೊತ್ತಿಲ್ಲ. ಸೋಮವಾರ ಒಂದು ದೀಪ ಬಂತು. ಆಮೇಲೆ ಬುಡಕ್ಕೆ ಹಾಲು, ಎಣ್ಣೆ, ಕರ್ಪೂರ. ಗಂಟೆ ತೂಗುಹಾಕಲು ಕಾಂಡಕ್ಕೊಂದು ಮೊಳೆ. ಕಡಿಸಲು ಹೊರಟಿದ್ದ ನಂಜುಂಡಪ್ಪನವರೇ ಮುಂದೆ ನಿಂತು ಸಿಮೆಂಟಿನ ಕಟ್ಟೆ ಕಟ್ಟಿಸಿ, ತಮ್ಮ ಬಚ್ಚಲಿಗೆ ತಂದು ಮಿಕ್ಕಿದ್ದ ಟೈಲ್ಸ್ ಹಾಕಿಸಿದರು. ಬುಡದಲ್ಲಿ ಅಂಗೈಯಗಲ ಮಣ್ಣೂ ಉಳಿಯಲಿಲ್ಲ. ಮಳೆನೀರು ದೇವರ ಪಾದ ತೊಳೆದು ನೇರ ಮೋರಿಗೆ ಹೋಗುತ್ತಿತ್ತು. ಕೊಡಲಿಗೆ ಸಾಯದ ಮರ ಪೂಜೆಗೆ ಸಾಯತೊಡಗಿತು. ಎಲೆ ಉದುರಿತು, ತುದಿಕೊಂಬೆಗಳು ಒಣಗಿದವು. "ಉಸಿರು ಕಟ್ಟೇತ್ರೀ ಅದಕ್ಕ. ನಾನ ಕೊಂದೆ," ಎಂದು ಗಂಗಮ್ಮ ನಮ್ಮ ಗೇಟು ಹಿಡಿದುಕೊಂಡು ಅತ್ತುಬಿಟ್ಟರು. ಅವತ್ತು ಮೊದಲ ಸಲ ನನಗೆ ಪಾರ್ಕಿಂಗ್ ಮರೆತುಹೋಯಿತು.

ಕಟ್ಟೆ ಒಡೆಯೋಣವೆಂದರೆ ಮೇಲೆ ದೇವರು ಕೂತಿದ್ದಾನೆ. "ಮುಟ್ಟಿದ್ರೆ ಒಳ್ಳೇದಾಗಲ್ಲ ನೋಡಿ," ಎಂದರು ನಂಜುಂಡಪ್ಪ. ಗಂಗಮ್ಮ ಕಣ್ಣೊರೆಸಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಆರತಿ ತಟ್ಟೆ ಹಿಡಿದು ಬಂದರು. "ಕೂಡಿಸಿದಾಕಿ ನಾನ, ಎಬ್ಬಿಸಾಕಿನೂ ನಾನ. ನಮ್ಮ ಮನಿ ದೇವ್ರು ನಮ್ಮ ಮನಿಗೆ ಹೊಂಟಾನ. ಯಾರರ ತಡೀತೀರೇನು?"

ಯಾರು ತಡೆಯುತ್ತಾರೆ? ಫೋಟೊ ಎದೆಗವಚಿಕೊಂಡು ಅವರು ರಸ್ತೆ ದಾಟಿದರೆ, ಇಡೀ ಬೀದಿ ಗಂಟೆ ಬಾರಿಸುತ್ತ ಹಿಂದೆ ಹೋಯಿತು. ಎಲ್ಲರಿಗಿಂತ ಜೋರಾಗಿ ಬಾರಿಸಿದವರು ನಂಜುಂಡಪ್ಪ. ಅತ್ತ ಮಂಗಳಾರತಿ ನಡೆಯುವಾಗ ಇತ್ತ ನಾನು ಸುತ್ತಿಗೆ ಹಿಡಿದು ಖಾಲಿ ಕಟ್ಟೆ ಒಡೆದೆ. ಜನ್ಮದಲ್ಲಿ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯದವನು ಅವತ್ತು ಎರಡು ಬೆರಳು ಜಜ್ಜಿಕೊಂಡೆ.

ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ, ನಾವಿಬ್ಬರೂ ಕಾದೆವು. ಈ ಬೇಸಿಗೆ ಮರ ಗೊಂಚಲು ಗೊಂಚಲು ಇಳಿಬಿಟ್ಟಿದೆ. ಗಂಗಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುವುದೇ ನೋಡುವುದು. "ಎಲ್ಲಾ ನಮ್ಮ ಕಟ್ಟೆ ಮಹಿಮೆ," ಎನ್ನುತ್ತಾರೆ ನಂಜುಂಡಪ್ಪ.

ಈಗ ಲಕ್ಷ್ಮಿಯನ್ನು ಹಾಗೇ ಬಿಟ್ಟರೆ ಸಂಜೆಗೆ ದೀಪ, ಮುಂದಿನ ವಾರ ಟೈಲ್ಸ್. ನಂಜುಂಡಪ್ಪನವರ ವಾಕಿಂಗ್ ಮುಗಿಯುವ ಮೊದಲೇ ಫೋಟೊ ಕಂಕುಳಲ್ಲಿಟ್ಟುಕೊಂಡು ಒಳಗೋಡಿದೆ.

"ಮತ್ತೊಂದಾ? ದೇವರ ಮನೇಲಿ ಜಾಗ ಎಲ್ರೀ ಇದೆ?" ಎಂದಳು ಹೆಂಡತಿ. ನಿಜ, ಹಿಂದೆ ಹೀಗೇ ಬಂದ ಗಣಪತಿಗಳೇ ಅಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದಾರೆ. ಸದ್ಯಕ್ಕೆ ಕಾರೇ ದೇವರ ಮನೆಯೆಂದು ಲಕ್ಷ್ಮಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿದೆ.

"ಎಲ್ಲಿಗೆ ಹೊಂಟ್ರೀ ಇಷ್ಟು ಲಗೂ?" ಎದುರಿನಿಂದ ಗಂಗಮ್ಮ ಕೇಳಿದರು.

"ಎಲ್ಲೂ ಇಲ್ಲಮ್ಮ. ಕಾರನ್ನ ಹಿಂದಿನ ಬೀದೀಲಿ ನಿಲ್ಲಿಸಿ ಬರ್ತೀನಿ. ಇಲ್ಲಿ ಚಕ್ರ ಬೇರಿನ ಮೇಲೆ ಬರ್ತಿತ್ತು."