ಕಾಫಿಪುಡಿ ಡಬ್ಬಿಯೊಳಗಿನ ಮೊಹರು

ರವೀಂದ್ರನಗರದ ನಮ್ಮ ಅಡುಗೆಮನೆಯಲ್ಲಿ, ಸಾರಿನಪುಡಿಗೂ ಮೆಂತ್ಯಕ್ಕೂ ನಡುವೆ, ಹಳೆಯದೊಂದು ಕಾಫಿಪುಡಿ ಡಬ್ಬಿಯಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಕಾಫಿಯ ಘಮ ಬರುತ್ತದೆ, ಒಳಗಿರುವುದು ಮಾತ್ರ ನನ್ನ ನೋಟರಿ ಮೊಹರು. ಕೋರ್ಟಿನಿಂದ ಬಂದವಳು ಅದನ್ನು ಎಲ್ಲೆಲ್ಲೋ ಇಟ್ಟು ಮನೆಯೆಲ್ಲ ತಡಕಾಡುವುದನ್ನು ನೋಡಲಾರದೆ ನನ್ನ ಅತ್ತೆ ಕೊಟ್ಟ ಡಬ್ಬಿ ಅದು. ಕೊಟ್ಟದ್ದೇನೋ ಪ್ರೀತಿಯಿಂದಲೇ, ಆದರೆ ಅಡುಗೆಮನೆ ಸೇರಿದ ಮೇಲೆ ನನ್ನ ಮೊಹರೂ ಶಾವಿಗೆ ಒರಳಿನ ಜಾತಿಗೆ ಸೇರಿಹೋಯಿತು ನೋಡಿ, ನೆಂಟರಿಷ್ಟರು ಕೇಳಿದರೆ ಇಲ್ಲವೆನ್ನಬಾರದ ವಸ್ತು.

ನಮ್ಮ ಜನರದೊಂದು ಪದ್ಧತಿಯಿದೆ. ಕಾಗದ ಬರುತ್ತದೆ, ರುಜು ಹಾಕಿದವರು ಬರುವುದಿಲ್ಲ. ಗಾಜನೂರಿನಿಂದ ಒಬ್ಬರ ಕಾಗದವನ್ನು ಇನ್ನೊಬ್ಬರು ತಂದು, “ಅವರೇ ಹೇಳಿ ಕಳಿಸಿದಾರೆ” ಎಂದರೆ ಅದೇ ವೇದವಾಕ್ಯ. ಒಬ್ಬರ ಮಾತನ್ನು ಇನ್ನೊಬ್ಬರು ಇಷ್ಟು ನಿರಾಳವಾಗಿ ಹೊತ್ತು ತಿರುಗುವ ಊರು ನನಗೆ ಇಷ್ಟವೇ. ನೋಟರಿಯ ಧರ್ಮ ಮಾತ್ರ ಬೇರೆ: ರುಜು ಹಾಕುವವರು ಕಣ್ಣೆದುರಿಗೇ ಹಾಕಬೇಕು, ಅವರು ಅವರೇ ಹೌದೋ ಎಂದು ಗುರುತು ನೋಡಬೇಕು, ಬರೆದದ್ದು ತಿಳಿದಿದೆಯೇ, ಮನಸ್ಸಿದೆಯೇ ಎಂದು ಕೇಳಬೇಕು, ಆಮೇಲಷ್ಟೇ ಮೊಹರು. ಮನೆಯವರ ಕಾಗದವನ್ನಂತೂ ಮುಟ್ಟದಿರುವುದೇ ಲೇಸು. ಇಷ್ಟನ್ನು ನಿಮಗೆ ಹೇಳುವುದು ಸುಲಭ, ಮನೆಯಲ್ಲಿ ಅತ್ತೆಗೆ ಹೇಳಿ ಜಯಿಸುವುದು ಕಷ್ಟ.

ಹೋದ ವರ್ಷ ಭದ್ರಾವತಿಯಿಂದ ಸತೀಶ ಬಂದ. ಅತ್ತೆಯ ತಂಗಿಯ ಮಗ, ಅಪ್ಪಟ ಒಳ್ಳೆಯವನು. ಅವನ ತಂದೆ ಕಾರ್ಖಾನೆಯ ಸಂಬಳದಲ್ಲಿ ಉಳಿಸಿ ಹೊಳೆಹೊನ್ನೂರಿನ ಹತ್ತಿರ ಕೊಂಡಿದ್ದ ಸೈಟಿಗೆ ಗಿರಾಕಿ ಸಿಕ್ಕಿದ್ದರು. ತಂದೆ ತೀರಿಕೊಂಡಿದ್ದರಿಂದ, ಮಾರಾಟಕ್ಕೆ ತನ್ನದೇನೂ ತಕರಾರಿಲ್ಲವೆಂದು ತಾಯಿಯ, ಅಂದರೆ ನಮ್ಮ ಚಿಕ್ಕತ್ತೆಯ, ಅಫಿಡವಿಟ್ಟು ಬೇಕಿತ್ತು. ಕಾಗದದ ಮೇಲೆ ಅವರ ರುಜು ಆಗಲೇ ಬಿದ್ದಿತ್ತು.

“ಒಂದು ಸೀಲ್ ಹೊಡೆದ್ಬಿಡಿ ಅತ್ತಿಗೆ, ಹೀಗೇ ಹೊರಡ್ತೀನಿ” ಎಂದ. ಆಗುವುದಿಲ್ಲ ಎಂದೆ.

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. “ನನ್ನ ತಂಗಿ ರುಜು ನನಗೆ ಗೊತ್ತಾಗಲ್ವೇನೇ? ಮನೇಲೇ ನೋಟರಿ ಇಟ್ಕೊಂಡು ಕಂಡೋರ ಬಾಗಿಲು ಕಾಯ್ಬೇಕಾ? ನಾಳೆ ಅವಳಿಗೆ ಯಾವ ಮುಖ ತೋರಿಸ್ಲಿ, ಮಾರಾಯ್ತಿ!”

ಅಕ್ಕತಂಗಿಯರ ನಡುವೆ ನನ್ನಿಂದ ಮನಸ್ತಾಪವಾಗುತ್ತದಲ್ಲ ಎಂದು ನನಗೂ ಕಷ್ಟವಾಯಿತು. ಕೊನೆಗೆ ಅತ್ತೆಯನ್ನೂ ಹೊರಡಿಸಿಕೊಂಡು ಭದ್ರಾವತಿಗೆ ಹೋಗಿ, ಚಿಕ್ಕತ್ತೆಯನ್ನು ಅಲ್ಲಿನ ಹಿರಿಯ ನೋಟರಿಯೊಬ್ಬರ ಬಳಿ ಕರೆದೊಯ್ದೆವು. ಅವರು ಚಿಕ್ಕತ್ತೆಯೊಬ್ಬರನ್ನೇ ಒಳಗೆ ಕೂರಿಸಿಕೊಂಡು ನಮ್ಮನ್ನೆಲ್ಲ ಹೊರಗಿನ ಬೆಂಚಿಗೆ ಕಳಿಸಿದರು. “ಕಳ್ಳರನ್ನ ಕೂರಿಸಿದ ಹಾಗೆ ಕೂರಿಸಿದಾರೆ” ಎಂದು ಅತ್ತೆ ಗೊಣಗಿದರು.

ಬಾಗಿಲು ತೆರೆಯಿತು. “ತಕರಾರು ಇದೆಯಾ ಅಂತ ಕೇಳಿದ್ರು” ಎಂದರು ಚಿಕ್ಕತ್ತೆ. “ಇದೆ ಅಂದೆ.”

ಸತೀಶ ದಂಗಾದ. “ಮತ್ತೆ ರುಜು ಹಾಕಿದ್ಯಲ್ಲಮ್ಮಾ!”

“ಒಲೆ ಮೇಲೆ ಹಾಲು ಉಕ್ತಾ ಇತ್ತು, ನೀನು ಕಾಗದ ಹಿಡಿದೆ, ಹಾಕ್ದೆ. ಮಾರ್ಬೇಡ ಅಂತಲ್ಲ ಕಣೋ. ಆ ಸೈಟನ್ನ ನಾನು ನೋಡೇ ಇಲ್ಲ. ತೋರಿಸ್ತೀನಿ ತೋರಿಸ್ತೀನಿ ಅಂತ ಹೇಳ್ತಾನೇ ನಿಮ್ಮಪ್ಪ ಹೋಗ್ಬಿಟ್ರು. ಒಂದ್ಸಲ ನೋಡ್ತೀನಿ, ಆಮೇಲೆ ಕೊಟ್ಬಿಡು.”

ಸತೀಶನ ಕಣ್ಣು ತುಂಬಿತು. ಅವನಿಗೆ ಮೋಸವೇನೂ ಗೊತ್ತಿರಲಿಲ್ಲ, ಕೇಳಬೇಕೆಂದೂ ಗೊತ್ತಿರಲಿಲ್ಲ, ಅಷ್ಟೇ. ಅಂದೇ ಮಧ್ಯಾಹ್ನ ಎಲ್ಲರೂ ಅಲ್ಲಿಗೆ ಹೋದೆವು. ಕಳೆ ಬೆಳೆದ ಸಣ್ಣ ಜಾಗ. ಚಿಕ್ಕತ್ತೆ ಸೀರೆಯ ನೆರಿಗೆ ಎತ್ತಿಕೊಂಡು ಸುತ್ತ ನಡೆದರು, ಮೂಲೆಯ ಗಡಿಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿ ಕೂತರು. “ಜಾಗ ಚೆನ್ನಾಗೇ ಇದೆ ಕಣ್ರೀ” ಎಂದರು. ಆ ಮಾತು ನಮಗೆ ಹೇಳಿದ್ದಲ್ಲವೆಂದು ಎಲ್ಲರಿಗೂ ತಿಳಿಯಿತು. ಮರುದಿನ ಹಳೆಯ ಕಾಗದ ಹರಿದುಹಾಕಿ, ಹೊಸದಕ್ಕೆ ಆ ನೋಟರಿಯ ಎದುರಿಗೇ ರುಜು ಹಾಕಿದರಂತೆ.

ಇದಾಗಿ ಕೆಲವು ದಿನಗಳ ಮೇಲೆ ನಾನು ಕೋರ್ಟಿಗೆ ಹೊರಡಲು ಡಬ್ಬಿಗೆ ಕೈಹಾಕಿದಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು.

“ನನ್ನದೂ ಒಂದು ಕಾಗದ ಮಾಡಿಸ್ಬೇಕಿತ್ತು.”

“ಏನು ಕಾಗದ ಅತ್ತೆ?”

“ಅದೆಲ್ಲ ನಿನಗ್ಯಾಕೆ? ಆ ಭದ್ರಾವತಿಯವರ ಹತ್ರ ಕರ್ಕೊಂಡು ಹೋಗು. ಒಬ್ಬರನ್ನೇ ಕೂರಿಸ್ಕೊಂಡು ಕೇಳ್ತಾರಲ್ಲ, ಅವರ ಹತ್ರ.”

ನನ್ನ ಕೈ ಡಬ್ಬಿಯ ಮೇಲೇ ನಿಂತಿತು. ಈ ಮನೆಗೆ ನಾನು ಬಂದಾಗಿನಿಂದ, ಸಾರಿಗೆ ಉಪ್ಪು ಸಾಕೇ ಎಂಬುದೊಂದನ್ನು ಬಿಟ್ಟರೆ, ಅತ್ತೆಯನ್ನು ಯಾರಾದರೂ ಏನಾದರೂ ಕೇಳಿದ್ದು ನೆನಪಿಗೇ ಬರಲಿಲ್ಲ. ನಾಳೆಯೇ ಹೋಗೋಣ ಎಂದೆ. ಅತ್ತೆ ಮೊಹರನ್ನು ತೆಗೆದು ನನ್ನ ಕೈಗಿಟ್ಟು, ಖಾಲಿ ಡಬ್ಬಿಯ ಮುಚ್ಚಳ ಬಿಗಿದರು.

“ನೀನೂ ಹೊರಗಿನ ಬೆಂಚಲ್ಲೇ ಕೂರ್ಬೇಕು ಮತ್ತೆ” ಎಂದರು.