ಐಲಾ ಕೇಳಿದ್ದು ಭತ್ಯೆಯನ್ನಲ್ಲ

ತುರ್ಕು ಬಂದರಿನಿಂದ ಹೊರಡುವ ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಐಲಾ ಬಹಳ ವರ್ಷ ಕೆಲಸ ಮಾಡಿದಳು. ಅದೇ ಹಡಗಿನ ಊಟದ ಕೋಣೆಯಲ್ಲಿ ಬಡಿಸುವವಳು ನಾನು. ಬೆಳಿಗ್ಗೆ ಬಂದರು ಬಿಟ್ಟ ಮೇಲೆ ಹಡಗು ಪುಟ್ಟ ಪುಟ್ಟ ದ್ವೀಪಗಳ ನಡುವೆ ನುಸುಳಿ ಹೋಗುತ್ತದೆ. ಅವುಗಳಲ್ಲೊಂದರಲ್ಲಿ ಆಕೆ ಹುಟ್ಟಿ ಬೆಳೆದದ್ದು. ಮನೆ ಎಂದೋ ಮಾರಾಟವಾಗಿತ್ತು. ಕೊಂಡ ಹೆಲ್ಸಿಂಕಿಯವರು ಹಳದಿ ಬಣ್ಣ ಬಳಿಸಿದ್ದರು. ಆದರೂ ಆ ತಿರುವು ಬಂತೆಂದರೆ ಐಲಾ ಒಲೆಯನ್ನು ನನಗೊಪ್ಪಿಸಿ ಡೆಕ್ಕಿಗೆ ಓಡುತ್ತಿದ್ದಳು. ಬಂಡೆಯ ಮೇಲಿನ ಸೌನಾ ಎಂಬ ಹಬೆಸ್ನಾನದ ಕೋಣೆ, ದೋಣಿ ಕಟ್ಟುವ ಜಾಗ, ಯಾರೋ ಒಣಹಾಕಿದ ಬಟ್ಟೆ. ಅಷ್ಟು ಕಂಡರೆ ಸಾಕು, ಇಳಿದು ಬರುತ್ತಿದ್ದಳು.

ಮೇಲ್ವಿಚಾರಕ ಟೊರ್‌ಸ್ಟೆನ್‌ಗೂ ಇದು ಗೊತ್ತಿತ್ತು. "ನಿನ್ನ ದ್ವೀಪ ಎಲ್ಲೂ ಓಡಿ ಹೋಗಲ್ಲ ಕಣೇ" ಎಂದು ಕೆಣಕಿ ಸುಮ್ಮನಾಗುತ್ತಿದ್ದ.

ಕಳೆದ ಶರತ್ಕಾಲದಲ್ಲಿ, ನಾನು ರಜೆಯಲ್ಲಿದ್ದ ಒಂದು ದಿನ, ಮೀನು ಹುರಿಯಲು ಎಣ್ಣೆ ಕಾಯಲಿಟ್ಟು ಆಕೆ ಮೇಲೆ ಹೋದಳು. ಎಣ್ಣೆ ಹೊತ್ತಿಕೊಂಡಿತು. ಅಪಾಯದ ಗಂಟೆ ಹೊಡೆದು, ಪ್ರಯಾಣಿಕರೆಲ್ಲ ಲೈಫ್ ಜಾಕೆಟ್ ತೊಟ್ಟು ನಿಂತರಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಹಡಗು ದಡ ಸೇರುವ ಮೊದಲೇ ಐಲಾಳ ಕೆಲಸ ಹೋಗಿತ್ತು.

ನಿರುದ್ಯೋಗ ಭತ್ಯೆಯ ಕಚೇರಿಗೆ ನಾನೂ ಜೊತೆಗೆ ಹೋದೆ. ಸ್ವಂತ ತಪ್ಪಿನಿಂದ ಕೆಲಸ ಕಳೆದುಕೊಂಡವರೆಂದು ತೀರ್ಮಾನವಾದರೆ ವಾರಗಟ್ಟಲೆ ಭತ್ಯೆ ಇರುವುದಿಲ್ಲ. ತಲೆಸುತ್ತು ಬಂದು ಗಾಳಿಗೆ ಹೋದೆ ಎಂದುಬಿಡು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಅಧಿಕಾರಿ ಸೈಮಿ ನಮ್ಮ ಮಕ್ಕಳ ವಯಸ್ಸಿನವಳು. ಒಲೆ ಬಿಟ್ಟು ಮೇಲೆ ಯಾಕೆ ಹೋದಿರಿ ಎಂದು ಕೇಳಿದಳು.

"ನಮ್ಮನೆ ನೋಡೋಕೆ" ಎಂದಳು ಐಲಾ.

ನಾನು ನೆಲ ನೋಡುತ್ತಾ ಕುಳಿತೆ. ಈ ಮೊದಲು ಯಾರಾದರೂ ಬರಹದಲ್ಲಿ ಎಚ್ಚರಿಕೆ ಕೊಟ್ಟಿದ್ದರೇ ಎಂದು ಸೈಮಿ ವಿಚಾರಿಸಿದಳು. ಇಲ್ಲ, ತಮಾಷೆ ಮಾಡುತ್ತಿದ್ದರು, ಅಷ್ಟೇ ಎಂದಳು ಐಲಾ.

ಹಡಗಿನವರನ್ನೂ ಕೇಳಿ ತಿಳಿದುಕೊಂಡು, ಕೆಲವು ವಾರಗಳ ಬಳಿಕ ಸೈಮಿ ಮತ್ತೆ ಕರೆಸಿದಳು. ಅಜಾಗರೂಕತೆ ನಿಜವೇ, ಆದರೆ ವರ್ಷಗಟ್ಟಲೆ ಕಂಡೂ ಕಾಣದಂತಿದ್ದವರು ಎಚ್ಚರಿಸದೆ ತೆಗೆದುಹಾಕಿದ್ದಾರೆ, ಹಾಗಾಗಿ ಭತ್ಯೆಗೆ ನೀವು ಅರ್ಹರು ಎಂದಳು. ನಾನು ಐಲಾಳ ಕೈ ಅದುಮಿದೆ. ಆಕೆ ಇನ್ನೂ ಏನನ್ನೋ ಕಾಯುವವಳಂತೆ ಸೈಮಿಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನನ್ನನ್ನ ಹಡಗಿಗೆ ವಾಪಸ್ ತಗೋತಾರಾ?"

"ಅದು ನಮ್ಮ ಕೈಲಿಲ್ಲಮ್ಮ. ಕೋರ್ಟಿಗೆ ಹೋಗಿ ಗೆದ್ರೂ ಪರಿಹಾರ ಸಿಗಬಹುದು, ಕೆಲಸ ಸಿಗಲ್ಲ."

ಆಗಷ್ಟೇ ನನಗೆ ತಿಳಿದದ್ದು, ಆಕೆ ಇಷ್ಟು ದಿನ ಅಲೆದದ್ದು ಯಾತಕ್ಕೆಂದು.

ಚಳಿಗಾಲ ಮುಗಿಯುವ ಹೊತ್ತಿಗೆ ಐಲಾಳಿಗೆ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಟಿಕೆಟ್ ತೆಗೆದು ಒಂದು ದಿನ ನನ್ನ ಜೊತೆ ಬಾ, ಬೇಕಾದಷ್ಟು ಹೊತ್ತು ನಿಂತು ನೋಡು ಎಂದೆ. "ದುಡ್ಡು ಕೊಟ್ಟು ನೋಡೋಕೆ ನಾನೇನು ಪ್ರವಾಸಕ್ಕೆ ಬಂದವಳಾ?" ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮಕ್ಕಳ ಊಟ ಮುಗಿದ ಮೇಲೆ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ಅದೂ ಇದೂ ಮಾತಾಡಿ, ಕೊನೆಗೆ ಇವತ್ತು ಹೊರಗೆ ಹೇಗಿತ್ತು ಎನ್ನುತ್ತಾಳೆ. ಬಿಸಿಲಿತ್ತು, ಬಟ್ಟೆ ಒಣಹಾಕಿದ್ದರು ಎಂದರೆ ಅತ್ತ ಕಡೆ ಸದ್ದಿರುವುದಿಲ್ಲ. ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಎಂದ ದಿನ, ತನಗೇನೂ ತಪ್ಪಿಹೋಗಲಿಲ್ಲವೆಂಬಂತೆ ನಿರಾಳವಾಗಿ ಫೋನ್ ಇಡುತ್ತಾಳೆ.